ವಿಲನ್‌ಗಳ ನಾಡಿನಲ್ಲಿ ಚಕ್ರದ ಮನೆ

ಮೆಕ್ಸಿಕೋ ಅಂದ ಕೂಡಲೇ ನಿಮಗೆ ಏನು ಕಾಣುತ್ತೆ? ಒಂದು ಸಲ ಕಣ್ಣು ಮುಚ್ಚಿ ನೋಡಿ. ಅಗಲ ಅಂಚಿನ ಹ್ಯಾಟು, ಇಳಿಬಿದ್ದ ಮೀಸೆ, ಎದೆಯ ಮೇಲೆ ಅಡ್ಡಡ್ಡ ಗುಂಡಿನ ಪಟ್ಟಿ, ಗಹಗಹ ನಗು... ಸರಿ ತಾನೇ?

ಈ ಚಿತ್ರ ನಮ್ಮ ತಲೆಗೆ ಬಂದದ್ದು ಭೂಗೋಳದ ಪುಸ್ತಕದಿಂದ ಅಲ್ಲ ಸ್ವಾಮಿ, ಟಾಕೀಸಿನಿಂದ. ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು ಮುಗಿಬಿದ್ದು ನೋಡಿದ 'ಮೆಕೆನ್ನಾಸ್ ಗೋಲ್ಡ್' (1969) ನೆನಪಿಸಿಕೊಳ್ಳಿ. ಅದರಲ್ಲಿ ಬರುವ ದರೋಡೆಕೋರ ಕೊಲರಾಡೋ ಮೆಕ್ಸಿಕನ್. ಆ ಪಾತ್ರ ಮಾಡಿದವನು? ಈಜಿಪ್ಟಿನ ಓಮರ್ ಷರೀಫ್! 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' (1960) ಚಿತ್ರದ ಡಕಾಯಿತ ಕಲ್ವೇರಾ? ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈಲೈ ವಾಲಕ್. 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' (1966) ಚಿತ್ರದ ಟೂಕೋ? ಮತ್ತೆ ಅದೇ ವಾಲಕ್. ಅದನ್ನಂತೂ ತೆಗೆದದ್ದೇ ಸ್ಪೇನ್ ದೇಶದಲ್ಲಿ!

ಹಾಗಾದರೆ ನಿಜವಾದ ಮೆಕ್ಸಿಕನ್ ಎಲ್ಲಿದ್ದ? ಅವನ ಮುಖ ಹೇಗಿರುತ್ತೆ? ಅವನೂ ನಮ್ಮ ಹಾಗೆ ಬೆಳಿಗ್ಗೆ ಎದ್ದು ರೊಟ್ಟಿ ತಿಂದು ಕೆಲಸಕ್ಕೆ ಹೋಗ್ತಾನಾ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಕಳೆದ ಚಳಿಗಾಲದಲ್ಲಿ ಉತ್ತರ ಮೆಕ್ಸಿಕೋದ ಹಳ್ಳಿ ರಸ್ತೆಗಳಲ್ಲಿ ಹತ್ತು ದಿನ ಸುತ್ತಿ ಬಂದೆ. ಬಸ್ಸಿನಲ್ಲಲ್ಲ, ವಿಮಾನದಲ್ಲೂ ಅಲ್ಲ. ಮನೆಯನ್ನೇ ಓಡಿಸಿಕೊಂಡು!

ಮನೆಗೆ ಚಕ್ರ

ಮೋಟಾರ್‌ಹೋಮ್ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈಗ ಶೂಟಿಂಗ್ ಜಾಗದಲ್ಲಿ ಹೀರೋಗೊಂದು, ಹೀರೋಯಿನ್‌ಗೊಂದು ಕ್ಯಾರವಾನ್ ನಿಂತಿರುತ್ತಲ್ಲ, ಅದರ ಬಡ ತಮ್ಮ ಅಂದುಕೊಳ್ಳಿ. ನಮ್ಮ ಮಿನಿ ಬಸ್ಸಿನಷ್ಟು ಉದ್ದ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಸಣ್ಣ ಫ್ರಿಜ್ಜು, ಕೊಡದಷ್ಟು ಅಗಲದ ಬಚ್ಚಲು. ನೀರಿಗೆ ಒಂದು ಟ್ಯಾಂಕು, ಕೊಳೆನೀರಿಗೆ ಇನ್ನೊಂದು ಟ್ಯಾಂಕು. ಮೇಕಪ್ ಮ್ಯಾನ್ ಇಲ್ಲ, ಪಾತ್ರೆ ತೊಳೆಯೋದು ನಾನೇ.

ಗಾಡಿ ನಮ್ಮಕ್ಕನ ಯಜಮಾನರದು. ಟೆಕ್ಸಸ್‌ನಲ್ಲಿ ಕೆಲಸದಲ್ಲಿರೋ ಭಾವ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಕೆಲಸದ ಜಾಗದ ಗೆಳೆಯರಿಂದ ಸ್ಪ್ಯಾನಿಷ್ ಕಲಿತಿದ್ದಾರೆ. ಗಡಿಯ ಈಚೆ ದಡ ಪ್ರೆಸಿಡಿಯೋ, ಆಚೆ ದಡ ಓಹಿನಾಗಾ. ಮಧ್ಯೆ ಹರಿಯೋದು ರಿಯೋ ಗ್ರಾಂಡೆ ನದಿ. ದಾಟಿದ ಕೂಡಲೇ ಗಾಡಿಗೆ ತಾತ್ಕಾಲಿಕ ಆಮದು ಪರವಾನಗಿ ಮಾಡಿಸಬೇಕು. ಮಜಾ ಏನು ಗೊತ್ತಾ? ಹೊರದೇಶದವರ ಕಾರಿಗೆ ಆರು ತಿಂಗಳ ಲೆಕ್ಕದಲ್ಲಿ ಕೊಡ್ತಾರೆ, ಮೋಟಾರ್‌ಹೋಮ್‌ಗೆ ಹತ್ತು ವರ್ಷಕ್ಕೆ! ಮನೆ ತಾನೇ, ಇರಲಿ ಬಿಡು ಅನ್ನೋ ಹಾಗೆ. ಅಮೆರಿಕದ ಇನ್ಶೂರೆನ್ಸ್ ಅಲ್ಲಿ ನಡೆಯೋದಿಲ್ಲ, ಮೆಕ್ಸಿಕೋದ್ದೇ ಬೇಕು.

ಹೆದರಿಕೆ ಇರಲಿಲ್ಲವಾ? ಇತ್ತು. ಚಿವಾವಾ, ಸಿನಲೋವಾ, ದುರಾಂಗೋ ಈ ಮೂರು ರಾಜ್ಯ ಸೇರುವ ಬೆಟ್ಟಸಾಲಿಗೆ 'ಚಿನ್ನದ ತ್ರಿಕೋನ' ಅಂತ ಹೆಸರು. ಅಲ್ಲಿ ಬೆಳೆದದ್ದು ಚಿನ್ನ ಅಲ್ಲ, ಗಸಗಸೆ ಮತ್ತು ಗಾಂಜಾ. ಆ ವ್ಯಾಪಾರದ ಗುಂಪುಗಳ ಹೊಡೆದಾಟದಲ್ಲಿ ಸತ್ತವರಲ್ಲಿ ಬಹುಪಾಲು ಮೆಕ್ಸಿಕೋದವರೇ. ಅದು ಪಿಕ್ಚರ್ ಅಲ್ಲ, ನಿಜ. ಅದಕ್ಕೇ ಭಾವ ಎರಡು ಕಟ್ಟುಪಾಡು ಹಾಕಿದರು. ಒಂದು, ಹೆದ್ದಾರಿ ಬಿಟ್ಟು ಬೆಟ್ಟದೊಳಕ್ಕೆ ಹೋಗೋ ಹಾಗಿಲ್ಲ. ಎರಡು, ಸಂಜೆ ಐದಾದರೆ ಗಾಡಿ ನಿಲ್ಲಿಸಬೇಕು.

"ಡಕಾಯಿತರ ಭಯಾನಾ ಭಾವ?" ಅಂದೆ.

"ಅದೂ ಸೇರಿ. ಆದರೆ ಅದಕ್ಕಿಂತ ಹಸುವಿನ ಭಯ ಕಣೋ. ರಾತ್ರಿ ರಸ್ತೆ ಮೇಲೇ ಮಲಗಿರ್ತವೆ" ಅಂದರು.

ರಸ್ತೆಯ ಭಾಷೆ

ಮೆಕ್ಸಿಕೋದಲ್ಲಿ ರಸ್ತೆ ಎರಡು ಜಾತಿ. ಟೋಲ್ ಕಟ್ಟುವ ರಸ್ತೆ 'ಕೂವೋತಾ', ಬಿಟ್ಟಿ ರಸ್ತೆ 'ಲಿಬ್ರೆ'. ಕೂವೋತಾ ಅಗಲ, ನುಣುಪು. ಆದರೆ ಊರು ಕಾಣೋದಿಲ್ಲ. ಲಿಬ್ರೆ ಹಿಡಿದರೆ ಪ್ರತಿ ಹಳ್ಳಿಯ ಎದೆ ಮೇಲೇ ಹೋಗ್ತೀರಿ. ಅಂಚಿಗೆ ಮಣ್ಣಿನ ದಾರಿ ಕೂಡ ಇರೋದಿಲ್ಲ, ಎದುರಿಗೆ ಲಾರಿ ಬಂದರೆ ಉಸಿರು ಬಿಗಿ ಹಿಡಿಯಬೇಕು.

ಹಳ್ಳಿ ಬಂತು ಅಂತ ಹೇಳೋದು ಬೋರ್ಡಲ್ಲ, 'ತೋಪೆ'. ಅಂದರೆ ರೋಡ್ ಹಂಪ್. ನಮ್ಮ ಹಂಪು ಅದರ ಮುಂದೆ ಮಗು! ನೋಡದೆ ಹತ್ತಿಸಿದರೆ ಒಲೆ ಮೇಲಿನ ಪಾತ್ರೆ ಮಂಚದ ಮೇಲೆ ಬಂದು ಕೂರುತ್ತೆ. ಆ ತೋಪೆಯ ಹತ್ತಿರವೇ ಕಡಲೆಕಾಯಿ, ಕಿತ್ತಳೆ ಮಾರೋ ಹುಡುಗರು ನಿಂತಿರ್ತಾರೆ. ಗಾಡಿ ನಿಧಾನ ಆಗಲೇಬೇಕಲ್ಲ, ಬುದ್ಧಿವಂತರು.

ಇನ್ನೊಂದು ಸಂಗತಿ. ಮುಂದಿನ ಲಾರಿಯವನು ಎಡಗಡೆ ಇಂಡಿಕೇಟರ್ ಹಾಕಿದರೆ 'ನಾನು ಎಡಕ್ಕೆ ತಿರುಗ್ತೀನಿ' ಅಂತಲೂ ಆಗಬಹುದು, 'ಮುಂದೆ ದಾರಿ ಖಾಲಿ ಇದೆ, ನೀನು ಓವರ್‌ಟೇಕ್ ಮಾಡಪ್ಪ' ಅಂತಲೂ ಆಗಬಹುದು. ಅಲ್ಲಿ ಗಾಡಿ ಓಡೋದು ಬಲಗಡೆ, ಹಿಂದೆ ಹಾಕೋದು ಎಡಗಡೆಯಿಂದ. ಯಾವ ಅರ್ಥ ಅಂತ ತಿಳಿಯೋದಕ್ಕೆ ಮೊದಲೇ ನುಗ್ಗಿದರೆ ಕ್ಲೈಮಾಕ್ಸು ಅಲ್ಲೇ.

ಎರಡನೇ ದಿನ ನಮ್ಮ ಗಾಡಿಯ ಫ್ಯಾನ್ ಬೆಲ್ಟ್ ಕಿತ್ತುಹೋಯಿತು. ಸುತ್ತ ಕಣ್ಣು ಹಾಯಿಸಿದಷ್ಟೂ ಒಣ ಹುಲ್ಲು, ಕಳ್ಳಿ. ಅಲ್ಲಿ 'ಹಸಿರು ದೇವದೂತರು' ಅಂತ ಸರ್ಕಾರದ ಒಂದು ಪಡೆ ಇದೆ. 1960ರಿಂದ ನಡೀತಾ ಇದೆ. ಹಸಿರು ಬಣ್ಣದ ಗಾಡಿಯಲ್ಲಿ ಮೆಕ್ಯಾನಿಕ್‌ಗಳು ಹೆದ್ದಾರಿ ಮೇಲೆ ಓಡಾಡ್ತಾರೆ. 078ಕ್ಕೆ ಫೋನು ಮಾಡಿದರೆ ಬರ್ತಾರೆ. ಸಾಮಾನಿಗೆ ದುಡ್ಡು, ಕೈಕೆಲಸಕ್ಕೆ ಇಲ್ಲ. ನಮ್ಮ ದೇವದೂತ ಬಂದಾಗ ಮೈಯೆಲ್ಲ ಗ್ರೀಸು. ಕೆಲಸ ಮುಗಿಸಿ ನಾನು ಕೊಟ್ಟ ಫಿಲ್ಟರ್ ಕಾಫಿ ಕುಡಿದ. ನಾನು ಸಿನಿಮಾ ಪತ್ರಿಕೆಗೆ ಬರೆಯೋನು ಅಂತ ಗೊತ್ತಾಗಿದ್ದೇ ತಡ, ಪ್ಯಾಂಟು ಸೊಂಟದಿಂದ ಕೆಳಗೆ ಜಾರಿಸಿಕೊಂಡು, ಮೀಸೆಯ ಎರಡು ತುದಿ ತೋರಿಸಿ ನಡೆದು ಕಾಣಿಸಿದ. ಕಾಂತಿನ್‌ಫ್ಲಾಸ್! 'ಅರೌಂಡ್ ದಿ ವರ್ಲ್ಡ್ ಇನ್ ಎಯ್ಟಿ ಡೇಸ್' (1956) ಚಿತ್ರದಲ್ಲಿ ಸೇವಕ ಪಾಸ್‌ಪಾರ್ತೂ ಆದವರು. ಇಡೀ ಮೆಕ್ಸಿಕೋವನ್ನು ನಗಿಸಿದ ಈ ನಟ 1993ರಲ್ಲಿ ತೀರಿಕೊಂಡರು. ನಮಗೆ ನರಸಿಂಹರಾಜು ಹೇಗೋ ಅವರಿಗೆ ಇವರು. ಹೆಸರು ಹೇಳಿದರೆ ಸಾಕು, ಮುಖ ಅರಳುತ್ತೆ.

ಜೋರ್ಬಾ ಹುಟ್ಟಿದ ಊರು

ಚಿವಾವಾ ನಗರ ಸೇರಿದಾಗ ನನಗೆ ಮೊದಲ ಆಶ್ಚರ್ಯ. 'ಜೋರ್ಬಾ ದಿ ಗ್ರೀಕ್' (1964) ಚಿತ್ರದಲ್ಲಿ ಕೈ ಚಾಚಿ ಕುಣಿದ ಆಂಥನಿ ಕ್ವಿನ್ ಹುಟ್ಟಿದ್ದು 1915ರಲ್ಲಿ ಇದೇ ಊರಿನಲ್ಲಿ! ಕುಣಿಯುವ ಭಂಗಿಯಲ್ಲೇ ಅವನ ಪ್ರತಿಮೆ ಇಲ್ಲಿದೆ. 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ (1962) ಅರಬ್ಬಿ, ಜೋರ್ಬಾದಲ್ಲಿ ಗ್ರೀಕ. ಲೆಕ್ಕ ಹಾಕಿ ನೋಡಿ. ಈಜಿಪ್ಟಿನವನು ಮೆಕ್ಸಿಕನ್ ಆದ, ಮೆಕ್ಸಿಕನ್ ಅರಬ್ಬಿ ಆದ! 'ವಿವಾ ಜಪಾಟಾ!' (1952) ತೆಗೆದಾಗ ಮೆಕ್ಸಿಕೋ ಕ್ರಾಂತಿಯ ನಾಯಕ ಜಪಾಟಾನ ಪಾತ್ರ ಮರ್ಲಾನ್ ಬ್ರಾಂಡೋಗೆ ಹೋಯಿತು. ಕ್ವಿನ್‌ಗೆ ಸಿಕ್ಕಿದ್ದು ಸಹಪಾತ್ರ, ಜಪಾಟಾನ ಸಹೋದರ. ಆದರೆ ಆಸ್ಕರ್ ಬಂದದ್ದು ಕ್ವಿನ್‌ಗೇ.

ಇದೇ ಊರಿನಲ್ಲಿ ಪಾಂಚೋ ವಿಲ್ಲಾನ ಮನೆ ಈಗ ಮ್ಯೂಸಿಯಂ. ಅವನು ಕೊನೆಯ ದಿನ ಓಡಿಸುತ್ತಿದ್ದ ಡಾಜ್ ಕಾರು ಅಂಗಳದಲ್ಲಿದೆ. ತಗಡಿನ ಮೇಲೆ ಗುಂಡಿನ ತೂತುಗಳು. ಆ ತೂತಿಗೆ ಬೆರಳಿಡಬೇಕು ಅನಿಸಿತು, ಕಾವಲಿನವರು ಬಿಡಲಿಲ್ಲ.

ಯುದ್ಧಕ್ಕೂ ಕಾಲ್‌ಶೀಟ್

ವಿಲ್ಲಾ ಬಡವರ ಮನೆಯಲ್ಲಿ ಹುಟ್ಟಿ, ದರೋಡೆಕೋರನಾಗಿ, ಆಮೇಲೆ ಕ್ರಾಂತಿಯ ಸೇನಾಪತಿ ಆದವನು. ಜನವರಿ 1914ರಲ್ಲಿ ಅವನು ಒಂದು ಕೆಲಸ ಮಾಡಿದ. ಅಮೆರಿಕದ ಮ್ಯೂಚುಯಲ್ ಫಿಲ್ಮ್ ಕಂಪನಿಯ ಜೊತೆ ಕರಾರು! ಅವನ ಯುದ್ಧಗಳನ್ನು ಕ್ಯಾಮೆರಾ ಹಿಡಿಯಬಹುದು, ಅವನಿಗೆ ಗಳಿಕೆಯಲ್ಲಿ ಪಾಲು. ಬೆಳಕು ಚೆನ್ನಾಗಿರಲಿ ಅಂತ ಹಗಲು ಹೊತ್ತೇ ಯುದ್ಧ ಮಾಡ್ತಿದ್ದ ಅಂತ ಒಂದು ದಂತಕತೆ ಇದೆ. ಕರಾರಿನಲ್ಲಿ ಹಾಗೇನೂ ಇಲ್ಲ ಅಂತಾರೆ ಇತಿಹಾಸಕಾರರು. ಆದರೂ ಕತೆ ಕೇಳೋಕೆ ಸೊಗಸು, ಯುದ್ಧಕ್ಕೂ ಕಾಲ್‌ಶೀಟ್ ಕೊಟ್ಟ ಹೀರೋ!

ಆ ವರ್ಷವೇ 'ದಿ ಲೈಫ್ ಆಫ್ ಜನರಲ್ ವಿಲ್ಲಾ' ಅಂತ ಚಿತ್ರ ಬಂತು. ವಿಲ್ಲಾ ತಾನೇ ತಾನಾಗಿ ಕಾಣಿಸಿಕೊಂಡ. ಆದರೆ ಚಿಕ್ಕ ವಯಸ್ಸಿನ ವಿಲ್ಲಾ ಯಾರು? ಅಮೆರಿಕನ್ ಯುವಕ ರವುಲ್ ವಾಲ್ಶ್, ಮುಂದೆ ದೊಡ್ಡ ನಿರ್ದೇಶಕನಾದವನು. ಆ ಚಿತ್ರ ಈಗ ಕಳೆದುಹೋಗಿದೆ. 1934ರಲ್ಲಿ 'ವಿವಾ ವಿಲ್ಲಾ!' ಬಂದಾಗಲೂ ವಿಲ್ಲಾ ಆದವನು ಅಮೆರಿಕದ ವ್ಯಾಲೇಸ್ ಬೀರಿ.

ಚಿವಾವಾದಿಂದ ದಕ್ಷಿಣಕ್ಕೆ ಬಂದರೆ ಪರ್ರಾಲ್. ಬೆಳ್ಳಿ ಗಣಿಯ ಹಳೆಯ ಊರು. 1923ರ ಜುಲೈ 20ರಂದು ವಿಲ್ಲಾನನ್ನು ಕಾರಿನಲ್ಲೇ ಹೊಂಚು ಹಾಕಿ ಕೊಂದದ್ದು ಇಲ್ಲಿ. ನಮ್ಮ ಗಾಡಿ ಆ ಇಕ್ಕಟ್ಟು ಬೀದಿಗೆ ಹೋಗಲಿಲ್ಲ. ತಲೆ ಮೇಲೆ ಕರೆಂಟ್ ತಂತಿ ಜೋತು ಬಿದ್ದಿರ್ತವೆ. ಊರಾಚೆಯ ಪೆಟ್ರೋಲ್ ಬಂಕಿನವರನ್ನು ಕೇಳಿ ಅಲ್ಲೇ ನಿಲ್ಲಿಸಿ ನಡೆದು ಹೋದೆವು. ರಾತ್ರಿಯೂ ಅಲ್ಲೇ ಮಲಗಿದೆವು. ಮೋಟಾರ್‌ಹೋಮ್‌ನವರಿಗೆ ಅಲ್ಲಿ ಬಂಕೇ ಛತ್ರ. ಸುತ್ತಲೂ ಲಾರಿ ಡ್ರೈವರುಗಳು ಹಾಡು ಹಾಕಿಕೊಂಡು ಹರಟುತ್ತಾ ಇರ್ತಾರೆ, ಅದೇ ಧೈರ್ಯ.

ಸುಣ್ಣದ ರೊಟ್ಟಿ, ಅವರೂರ ಮೆಣಸಿನಕಾಯಿ

ಬೆಳಿಗ್ಗೆ ಎದ್ದರೆ ಪ್ರತಿ ಹಳ್ಳಿಯಲ್ಲೂ ಒಂದೇ ವಾಸನೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳ. ಅದನ್ನು ತೊಳೆದು, ರುಬ್ಬಿ, ತಟ್ಟಿ ಸುಟ್ಟರೆ ತೋರ್ತಿಯಾ. ಸುಣ್ಣ ಹಾಕೋದು ಸಿಪ್ಪೆ ಬಿಡಲಿ ಅಂತ ಮಾತ್ರ ಅಲ್ಲ, ಜೋಳದ ಸತ್ವ ಮೈಗೆ ಹತ್ತೋದೂ ಅದರಿಂದಲೇ. ಸಾವಿರಾರು ವರ್ಷದ ಹಿಂದೆ ಹಳ್ಳಿ ಹೆಂಗಸರು ಕಂಡುಕೊಂಡ ಉಪಾಯ ಇದು. ದಪ್ಪಗೆ ತಟ್ಟಿ ಹೊಟ್ಟೆ ಸೀಳಿ ಹುರುಳಿಯಂಥ ಕಾಳಿನ ಪಲ್ಯ ತುಂಬಿದರೆ ಅದು ಗೋರ್ದಿತಾ. ನಾಲ್ಕು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ದಾರಿಯಲ್ಲಿ ಮಿಲಿಟರಿ ಚೆಕ್‌ಪೋಸ್ಟು ಬಂತು. ಹದಿನೆಂಟು ಇಪ್ಪತ್ತರ ಹುಡುಗರು, ಕೈಯಲ್ಲಿ ದೊಡ್ಡ ಬಂದೂಕು. ಮನೆಯೆಲ್ಲ ತಡಕಿದರು. ಒಬ್ಬನ ಕೈಗೆ ನಮ್ಮಕ್ಕ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಡಬ್ಬ ಸಿಕ್ಕಿತು. ಕೆಂಪು ಪುಡಿ! ಅವನ ಹುಬ್ಬು ಮೇಲೇರಿತು, ನನ್ನ ಎದೆ ಕೆಳಗಿಳಿಯಿತು.

"ತಿಂದು ತೋರಿಸೋ" ಅಂದರು ಭಾವ.

ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅವನೂ ನಾಲಿಗೆಗೆ ಇಟ್ಟುಕೊಂಡ. ಯೋಚನೆ ಮಾಡಿದ. ಆಮೇಲೆ ಏನೋ ಅಂದ, ಉಳಿದವರೆಲ್ಲ ನಕ್ಕರು. "ಖಾರ ಸಾಲದು ಅಂತಿದ್ದಾನೆ" ಅಂದರು ಭಾವ!

ಅವನು ಹಾಗೆ ಹೇಳಬಹುದು ಬಿಡಿ. ಮೆಣಸಿನಕಾಯಿ ಅವರದೇ ನೆಲದ್ದು. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಹಡಗಿನಲ್ಲಿ ತಂದು ನಮ್ಮ ಕರಾವಳಿಗೆ ಇಳಿಸೋವರೆಗೂ ಬ್ಯಾಡಗಿಯೂ ಇಲ್ಲ, ಗುಂಟೂರೂ ಇಲ್ಲ, ಕರಿಮೆಣಸೇ ಗತಿ. ಟೊಮ್ಯಾಟೋ, ಮುಸುಕಿನ ಜೋಳ, ನಾವು ಹಬ್ಬಕ್ಕೆ ಬಾಗಿಲಿಗೆ ಕಟ್ಟೋ ಚೆಂಡುಹೂವು ಎಲ್ಲ ಆ ಕಡೆಯಿಂದ ಬಂದ ನೆಂಟರೇ. ನಮ್ಮ ಅಡುಗೆಮನೆಗೆ ಇಷ್ಟು ಹತ್ತಿರ ಬಂದ ದೇಶ ನಮ್ಮ ತೆರೆ ಮೇಲೆ ಮಾತ್ರ ಡಕಾಯಿತನಾಗಿಯೇ ಉಳಿಯಿತು.

ಮುಂದೆ ಸಲೂನು, ಹಿಂದೆ ಸಂಸಾರ

ಈಗ ಬರೋಣ ಅಸಲು ಜಾಗಕ್ಕೆ. ಪರ್ರಾಲ್‌ನಿಂದ ದುರಾಂಗೋ ಸುಮಾರು 400 ಕಿಲೋಮೀಟರ್. ದುರಾಂಗೋ ರಾಜ್ಯವನ್ನು ಅಲ್ಲಿಯವರು 'ಸಿನಿಮಾದ ನಾಡು' ಅಂತಲೇ ಕರೀತಾರೆ. 1954ರಲ್ಲಿ 'ವೈಟ್ ಫೆದರ್' ಚಿತ್ರಕ್ಕೆ ಹಾಲಿವುಡ್ ಇಲ್ಲಿಗೆ ಬಂತು. ಕಾರಣ ಸರಳ. ಮೋಡವಿಲ್ಲದ ಆಕಾಶ, ಚೂಪು ಬೆಳಕು. ಒಂದು ಕಡೆ ಬಯಲು, ಇನ್ನೊಂದು ಕಡೆ ಪೈನ್ ಕಾಡಿನ ಬೆಟ್ಟ. ಎಲ್ಲಕ್ಕಿಂತ ಮುಖ್ಯ, ಕೂಲಿ ಅಗ್ಗ.

ಜಾನ್ ವೇಯ್ನ್ ಒಬ್ಬನೇ 1965ರ 'ದಿ ಸನ್ಸ್ ಆಫ್ ಕೇಟೀ ಎಲ್ಡರ್'ನಿಂದ 1973ರ 'ದಿ ಟ್ರೇನ್ ರಾಬರ್ಸ್', 'ಕೆಹಿಲ್'ವರೆಗೆ ಏಳು ಚಿತ್ರ ಈ ಕಡೆ ಮಾಡಿದ. ಮೊದಲನೆಯದರ ಶೂಟಿಂಗಿಗೆ ಬಂದಾಗ ಕ್ಯಾನ್ಸರಿಗೆ ಒಂದು ಶ್ವಾಸಕೋಶ ತೆಗೆಸಿಕೊಂಡು ಕೆಲವೇ ತಿಂಗಳಾಗಿತ್ತು. ದುರಾಂಗೋ ಸಮುದ್ರಮಟ್ಟಕ್ಕಿಂತ ಸುಮಾರು 1,900 ಮೀಟರ್ ಎತ್ತರ. ಪಕ್ಕದಲ್ಲಿ ಆಕ್ಸಿಜನ್ ಇಟ್ಟುಕೊಂಡು ತಣ್ಣೀರಿನ ಹೊಳೆಗೆ ಇಳಿದು ಫೈಟ್ ಮಾಡಿದ ಪುಣ್ಯಾತ್ಮ. ಅವನಿಗೆ ಸಲಾಂ ಹೊಡೆಯೋಣ.

ಆದರೆ ನಾನು ನೋಡಲು ಹೋದದ್ದು ಅವನನ್ನಲ್ಲ. ದುರಾಂಗೋ ನಗರಕ್ಕೆ ಸ್ವಲ್ಪ ಮೊದಲು ಹೆದ್ದಾರಿ ಪಕ್ಕದಲ್ಲೇ ಚುಪಾದೇರೋಸ್ ಅಂತ ಒಂದು ಹಳ್ಳಿ. ಹತ್ತಾರು ಕೌಬಾಯ್ ಚಿತ್ರಗಳಿಗೆ ಊರಾದ ಊರು. ಸಲೂನು, ಬ್ಯಾಂಕು, ಷೆರೀಫ್ ಆಫೀಸು... ಎಲ್ಲ ಮರದ ಹಲಗೆಯ ಮುಂಭಾಗ. ಹತ್ತಿರದಲ್ಲೇ ಇರುವ 'ವಿಲ್ಲಾ ದೆಲ್ ಓಯೆಸ್ತೆ' ಅನ್ನೋ ಇನ್ನೊಂದು ಸೆಟ್‌ನಲ್ಲಿ ಈಗ ಟಿಕೆಟ್ ಕೊಟ್ಟು ಒಳಗೆ ಹೋದರೆ ಢಂಢಂ ಅಂತ ಗುಂಡಿನ ಕಾಳಗದ ಶೋ ಇರುತ್ತೆ. ಚುಪಾದೇರೋಸ್ ಹಾಗಲ್ಲ. ಶೂಟಿಂಗ್ ನಿಂತ ಮೇಲೆ ಆ ಹಲಗೆಯ ಮುಂಭಾಗದ ಹಿಂದೆ ಜನ ಸಂಸಾರ ಹೂಡಿದರು. ಎದುರಿನಿಂದ ನೋಡಿದರೆ ಟೆಕ್ಸಸ್, ಹಿಂದೆ ಹೋದರೆ ಕೋಳಿ, ಒಗೆದ ಬಟ್ಟೆ, ನೀರಿನ ಡ್ರಮ್ಮು.

ಬಣ್ಣ ಮಾಸಿದ ಒಂದು ಮುಂಭಾಗದ ಕೆಳಗೆ ಹಿರಿಯರೊಬ್ಬರು ಕೂತಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಭಾವ ಮಾತಿಗೆಳೆದರು.

"ನಾನು ಹನ್ನೊಂದು ಸಲ ಸತ್ತಿದ್ದೀನಿ" ಅಂದರು ಅವರು. ಬೆರಳು ಮಡಚಿ ಲೆಕ್ಕ ಕೊಟ್ಟರು. ಕುದುರೆಯಿಂದ ಬಿದ್ದು ಐದು ಸಲ, ಛಾವಣಿಯಿಂದ ಎರಡು ಸಲ, ಉಳಿದದ್ದು ಸುಮ್ಮನೆ ನೆಲದ ಮೇಲೆ. ಒಂದೇ ದಿನ ಬೆಳಿಗ್ಗೆ ಡಕಾಯಿತನಾಗಿ ಸತ್ತು, ಮಧ್ಯಾಹ್ನ ಮೀಸೆ ತೆಗೆದು ಸೈನಿಕನಾಗಿ, ಸಂಜೆ ಗರಿ ಸಿಕ್ಕಿಸಿಕೊಂಡು ಇಂಡಿಯನ್ ಆಗಿ ಸತ್ತದ್ದೂ ಉಂಟಂತೆ.

"ನಾನು ನಿಜವಾದ ಇಂಡಿಯನ್" ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿನಗೆ ಕುದುರೆಯಿಂದ ಬೀಳೋಕೆ ಬರಲ್ಲ" ಅಂದರು.

ಕುದುರೆಯಿಂದ ಬಿದ್ದರೆ ಕೂಲಿ ಜಾಸ್ತಿ. ಅದಕ್ಕೇ ಎಲ್ಲರಿಗೂ ಬೀಳುವ ಆಸೆ. ಜೊತೆಗಾರನೊಬ್ಬ ಬಿದ್ದವನು ಮತ್ತೆ ನೆಟ್ಟಗೆ ನಡೆಯಲಿಲ್ಲ. ಯಾವ ಚಿತ್ರ ಅಂತ ಕೇಳಿದೆ. ಹೆಸರು ಗೊತ್ತಿಲ್ಲ. ಅವರಿಗೆ ಯಾವ ಚಿತ್ರದ ಹೆಸರೂ ಗೊತ್ತಿಲ್ಲ. ಕುದುರೆಗಳ ಹೆಸರು ಮಾತ್ರ ಎಲ್ಲವೂ ನೆನಪಿದೆ. ಒಂದು ಸಲ ದುರಾಂಗೋ ಟಾಕೀಸಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದರಂತೆ, ತಾನು ಸಾಯುವುದನ್ನು ತೋರಿಸಲು. ಆಕೆ ಕಣ್ಣು ಮಿಟುಕಿಸಿದಳು, ಅಷ್ಟರಲ್ಲಿ ಆಗಿಹೋಯಿತು.

"ಕಂಪನಿಯವರು ಹೋಗುವಾಗ ಹಲಗೆ ಬಿಟ್ಟು ಹೋದರು. ಅದರ ಹಿಂದೆ ನಾವು ಇಟ್ಟಿಗೆ ಗೋಡೆ ಕಟ್ಟಿಕೊಂಡೆವು. ಮಗಳು ಹುಟ್ಟಿದ್ದು ಇದೇ ಬ್ಯಾಂಕಿನಲ್ಲಿ" ಅಂದರು. ಆಮೇಲೆ ತಾವೇ ಕೇಳಿದರು, "ನಿಮ್ಮೂರಲ್ಲೂ ಈ ಪಿಕ್ಚರ್‌ಗಳು ಬಂದಿದ್ದವಾ? ನಾವು ತೆರೆ ಮೇಲೆ ಬಂದರೆ ಜನ ಏನು ಮಾಡ್ತಿದ್ದರು?"

ಏನು ಹೇಳಲಿ? ಇದ್ದದ್ದು ಹೇಳಿದೆ. "ಹೀರೋಗೆ ಶಿಳ್ಳೆ, ಡಕಾಯಿತರಿಗೆ ಬೈಗುಳ."

ಅವರು ಮನಸಾರೆ ನಕ್ಕರು. "ಹಾಗಾದರೆ ನಮ್ಮ ಕೆಲಸ ನಾವು ಸರಿಯಾಗೇ ಮಾಡಿದ್ದೀವಿ!"

ರಾಮಗಢದ ನೆಂಟಸ್ತಿಕೆ

ಆ ರಾತ್ರಿ ಅವರ ಅಂಗಳದ ಪಕ್ಕದಲ್ಲೇ ಗಾಡಿ ನಿಲ್ಲಿಸಿದೆವು. ನನಗೆ ರಾಮನಗರ ನೆನಪಾಯಿತು. 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಕತೆ ಏನು? ಡಕಾಯಿತರಿಂದ ಹಳ್ಳಿ ಉಳಿಸಲು ಬಂದೂಕಿನವರನ್ನು ಕೂಲಿಗೆ ಕರೆಯೋದು. 'ಶೋಲೆ' (1975) ಅದಕ್ಕೆ ಋಣಿ ಅನ್ನೋದು ಎಲ್ಲರಿಗೂ ಗೊತ್ತು. 1973ರಲ್ಲಿ ನಮ್ಮ ರಾಮನಗರದ ಬಂಡೆಗಳ ಕೆಳಗೆ 'ರಾಮಗಢ' ಎದ್ದಿತು, ಅದಕ್ಕಾಗಿ ರಸ್ತೆಯನ್ನೇ ಮಾಡಿದರು. ಇವತ್ತು ಹೋದರೆ ಬಂಡೆ ಇದೆ, ಹಳ್ಳಿ ಇಲ್ಲ. ಗಬ್ಬರ್ ಯಾರು ಅಂತ ಮಗುವಿಗೂ ಗೊತ್ತು. ಆ ಸೆಟ್‌ಗೆ ಹಲಗೆ ಹೊತ್ತವರು, ಗುಂಪಿನಲ್ಲಿ ನಿಂತವರು ಯಾರು? ಟೈಟಲ್ ಕಾರ್ಡಿನಲ್ಲಿ ಹುಡುಕಿ ನೋಡಿ.

ಮೆಕ್ಸಿಕೋ ಸರ್ಕಾರ ಒಂದು ಸಲ ಇದಕ್ಕೆ ತಕರಾರು ಮಾಡಿತ್ತು. 'ವೆರಾ ಕ್ರೂಜ್' (1954) ತಮ್ಮ ಜನರನ್ನು ತೋರಿಸಿದ ರೀತಿಗೆ ಅಲ್ಲಿ ಸಿಟ್ಟೆದ್ದಿತ್ತು. ಅದಕ್ಕೇ 'ಮ್ಯಾಗ್ನಿಫಿಸೆಂಟ್ ಸೆವೆನ್' ಶೂಟಿಂಗಿಗೆ ತಮ್ಮ ಸೆನ್ಸಾರಿನವರನ್ನೇ ಕಳಿಸಿದರು. ಆ ಚಿತ್ರದಲ್ಲಿ ಹೊಲ ಉಳುವ ರೈತರ ಬಿಳಿ ಬಟ್ಟೆ ಎಷ್ಟು ಧೂಳಿನಲ್ಲೂ ಕೊಳೆಯಾಗೋದಿಲ್ಲ, ಗಮನಿಸಿ. ಬಟ್ಟೆಯ ಮಾನ ಉಳಿಯಿತು, ಹೀರೋ ಪಟ್ಟ ಸಿಗಲಿಲ್ಲ.

ಹಾಗಂತ ಅವರೇನು ಸುಮ್ಮನೆ ಕೂರಲಿಲ್ಲ. ದುರಾಂಗೋ ನಗರದಲ್ಲೇ 1904ರಲ್ಲಿ ಹುಟ್ಟಿದ ಚೆಲುವೆ ದೊಲೋರೆಸ್ ದೆಲ್ ರಿಯೋ ಮೂಕಿ ಕಾಲದಲ್ಲೇ ಹಾಲಿವುಡ್ ಆಳಿದವಳು. ಆಮೇಲೆ ತಾಯ್ನಾಡಿಗೆ ಬಂದು ಎಮಿಲಿಯೋ ಫರ್ನಾಂಡೆಸ್ ನಿರ್ದೇಶನದಲ್ಲಿ 'ಮರಿಯಾ ಕಾಂದೆಲಾರಿಯಾ' ಮಾಡಿದಳು. ಹೂ ಮಾರುವ ಹಳ್ಳಿ ಹೆಣ್ಣಿನ ಕತೆ. 1946ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ ಚಿತ್ರಗಳಲ್ಲಿ ಅದೂ ಒಂದು. 2018ರ 'ರೋಮಾ'ದಲ್ಲಿ ಮನೆಕೆಲಸದ ಹುಡುಗಿಯೇ ನಾಯಕಿ. ಆ ಪಾತ್ರ ಮಾಡಿದ ಯಾಲಿತ್ಸಾ ಅಪಾರಿಸಿಯೋ ವಾಹಾಕಾ ಸೀಮೆಯ ಮೂಲನಿವಾಸಿ ಮನೆತನದವಳು. ಅದಕ್ಕೆ ಮೊದಲು ಕ್ಯಾಮೆರಾ ಮುಂದೆ ನಿಂತವಳೇ ಅಲ್ಲ. ಸೀದಾ ಆಸ್ಕರ್‌ನ ಶ್ರೇಷ್ಠ ನಟಿ ಪಟ್ಟಿಗೆ ಹೋದಳು!

ಕಡಲಿನ ಕಡೆಗೆ

ದುರಾಂಗೋದಿಂದ ಪೆಸಿಫಿಕ್ ಸಾಗರದ ದಡದ ಮಸಾತ್ಲಾನ್‌ಗೆ ಹಳೆಯ ದಾರಿಯಲ್ಲಿ 'ದೆವ್ವದ ಬೆನ್ನೆಲುಬು' ಅಂತ ಒಂದು ಘಾಟಿ ಇದೆ. ಹೆಸರೇ ಸಾಕು. ಭಾವ ಹೊಸ ಟೋಲ್ ರಸ್ತೆ ಹಿಡಿದರು. ಅರವತ್ತಕ್ಕೂ ಹೆಚ್ಚು ಸುರಂಗ. ನಡುವೆ ಬಲುವಾರ್ತೆ ಸೇತುವೆ, ಕೆಳಗಿನ ಹೊಳೆಗಿಂತ ಸುಮಾರು 400 ಮೀಟರ್ ಎತ್ತರ. ನಮ್ಮ ಜೋಗದ ರಾಜಾ ಧುಮುಕುವುದು 250 ಮೀಟರ್ ಚಿಲ್ಲರೆ ಅಂತ ನೆನಪಿಸಿಕೊಂಡರೆ ಲೆಕ್ಕ ಸಿಗುತ್ತೆ. ನಾನು ಕೆಳಗೆ ನೋಡಲಿಲ್ಲ. ಸೇತುವೆ ದಾಟಿದ ಮೇಲೆ ಚಳಿ ಹೋಗಿ ಸೆಕೆ ಬಂತು, ಪೈನ್ ಹೋಗಿ ಬಾಳೆ, ಮಾವು ಬಂದವು.

ಮಸಾತ್ಲಾನ್‌ನಲ್ಲಿ ಟ್ಯಾಂಕು ಖಾಲಿ ಮಾಡಿ, ಗಾಡಿ ತೊಳೆದು ಲೆಕ್ಕ ಹಾಕಿದೆವು. ಸುಮಾರು 1,100 ಕಿಲೋಮೀಟರ್, ಒಂದು ಫ್ಯಾನ್ ಬೆಲ್ಟು, ಎರಡು ಒಡೆದ ತಟ್ಟೆ. ದರೋಡೆ ಮಾಡಿದವರು ಸೊನ್ನೆ. ಮನೆ ಮುಂದೆ ಗಾಡಿ ನಿಲ್ಲಿಸಿಕೊಳ್ಳಿ ಅಂದವರು ನಾಲ್ಕು ಜನ.

ಗೆಳೆಯರೇ, ಇನ್ನು ಮೇಲೆ ಹಳೆಯ ಕೌಬಾಯ್ ಪಿಕ್ಚರ್ ಸಿಕ್ಕಿದರೆ ಒಂದು ಕೆಲಸ ಮಾಡಿ. ಹೀರೋ ಗುಂಡು ಹಾರಿಸಿದಾಗ ಅವನನ್ನು ನೋಡಬೇಡಿ, ಅವನು ಪೋಸ್ಟರಿನಲ್ಲಿ ಇದ್ದೇ ಇರ್ತಾನೆ. ಹಿಂದಿನ ಸಾಲಿನಲ್ಲಿ ಕುದುರೆಯಿಂದ ಬೀಳುವವನ ಮುಖ ನೋಡಿ. ಕಣ್ಣು ಮಿಟುಕಿಸಬೇಡಿ, ಅಷ್ಟರಲ್ಲಿ ಆಗಿಹೋಗುತ್ತೆ. ಅವನಿಗೂ ಒಂದು ಶಿಳ್ಳೆ ಇರಲಿ.